ವಲಸೆ ಯಾವುದು, ಗುಳೆ ಯಾವುದು?

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳಿದ್ದಾರೆ. ಊರು ಬಿಟ್ಟು ಹೊರಗೆ ಹೋಗುವುದನ್ನು ನಮ್ಮ ನಾಡಿನವರು ಕೀಳೆಂದು ಎಣಿಸಿದವರಲ್ಲ. ಹೊರನಾಡಿನಲ್ಲಿ ನೆಲೆಸಿರುವ ನಮ್ಮ ಸಂಸಾರಗಳೇ ಇದಕ್ಕೆ ಸಾಕ್ಷಿ. ಕೆಲವರು ನೌಕರಿಗೆಂದು, ಕೆಲವರು ಹೋಟೆಲಿನ ಉದ್ಯೋಗಕ್ಕೆಂದು, ಇನ್ನು ಕೆಲವರು ವರ್ಗವಾಗಿ ಬಂದೆವು. ಬಂದ ಊರಿನಲ್ಲಿ ಮಕ್ಕಳನ್ನು ಓದಿಸಿದೆವು, ಸಂಘ ಕಟ್ಟಿದೆವು. ಇದಕ್ಕೆ ವಲಸೆ ಎಂದು ಹೆಸರು.

ಆದರೆ ನಮ್ಮ ಭಾಷೆಯಲ್ಲಿ ಇನ್ನೊಂದು ಮಾತೂ ಇದೆ. ಮಳೆ ಕೈಕೊಟ್ಟ ವರ್ಷ ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರದ ಕಡೆಯ ಬಡಜನ ಮುದುಕರನ್ನು ಊರಿನಲ್ಲೇ ಬಿಟ್ಟು, ಮಕ್ಕಳನ್ನು ಕಟ್ಟಿಕೊಂಡು ಮುಂಬಯಿ, ಪುಣೆ, ಗೋವೆ, ಬೆಂಗಳೂರುಗಳಿಗೆ ಕೂಲಿಗೆ ಹೋಗುತ್ತಾರೆ. ಅದನ್ನು ಅಲ್ಲಿ ಯಾರೂ ವಲಸೆ ಎನ್ನುವುದಿಲ್ಲ. 'ಗುಳೆ ಹೋದರು' ಎನ್ನುತ್ತಾರೆ. ಎರಡು ಮಾತುಗಳಿವೆ ಎಂದಮೇಲೆ ಜನ ಅವುಗಳ ನಡುವೆ ಏನೋ ಅಂತರವನ್ನು ಕಂಡಿರಲೇಬೇಕಷ್ಟೆ. ಆ ಅಂತರವೇನು ಎಂಬುದು ಬರಿಯ ನಿಘಂಟಿನ ಪ್ರಶ್ನೆಯಲ್ಲ. ಭೂಮಿಯ ಹವೆಯೇ ಬದಲಾಗುತ್ತಿರುವ ಈ ಕಾಲದಲ್ಲಿ ಅದು ನ್ಯಾಯಾಲಯದ ಪ್ರಶ್ನೆಯಾಗಿದೆ. ಅದಕ್ಕಿಂತ ಮಿಗಿಲಾಗಿ ಧರ್ಮದ ಪ್ರಶ್ನೆಯಾಗಿದೆ.

ನ್ಯಾಯಾಲಯದ ಸಂಗತಿಯನ್ನೇ ಮೊದಲು ನೋಡೋಣ. ಪೆಸಿಫಿಕ್ ಸಾಗರದ ನಡುವೆ ಕಿರಿಬಾಟಿ ಎಂಬ ಚಿಕ್ಕ ದೇಶವಿದೆ. ಅದರ ದ್ವೀಪಗಳಲ್ಲಿ ಹೆಚ್ಚಿನವು ಸಮುದ್ರಮಟ್ಟದಿಂದ ಎರಡು ಮೂರು ಮೀಟರು ಮಾತ್ರ ಎತ್ತರ. ಸಮುದ್ರ ಏರಿದಂತೆ ಅಲೆಗಳು ನೆಲವನ್ನು ಕೊರೆಯುತ್ತವೆ, ಬಾವಿಗಳಿಗೆ ಉಪ್ಪು ಸೇರುತ್ತದೆ, ಗಿಡ ಒಣಗುತ್ತದೆ. ಆ ದೇಶದ ಅಯೋನೆ ಟೀಟಿಯೋಟ ಎಂಬಾತ 2007ರಲ್ಲಿ ಹೆಂಡತಿಯೊಡನೆ ನ್ಯೂಜಿಲೆಂಡಿಗೆ ಹೋದ. ವೀಸಾದ ಅವಧಿ ಮುಗಿದಾಗ, 'ನನ್ನ ನಾಡು ಮುಳುಗುತ್ತಿದೆ, ನನ್ನನ್ನು ನಿರಾಶ್ರಿತನೆಂದು ಪರಿಗಣಿಸಿ' ಎಂದು ಅರ್ಜಿ ಹಾಕಿಕೊಂಡ. ಎಲ್ಲ ಹಂತಗಳಲ್ಲೂ ಅರ್ಜಿ ತಿರಸ್ಕೃತವಾಯಿತು. 2015ರಲ್ಲಿ ಅವನನ್ನು ವಾಪಸು ಕಳಿಸಿದರು.

ಕಾರಣ ಸರಳವಾಗಿತ್ತು. 1951ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ನಿರಾಶ್ರಿತನೆಂದರೆ ಜನಾಂಗ, ಮತ, ರಾಷ್ಟ್ರೀಯತೆ, ಸಾಮಾಜಿಕ ಗುಂಪು ಅಥವಾ ರಾಜಕೀಯ ಅಭಿಪ್ರಾಯದ ಕಾರಣದಿಂದ ಹಿಂಸೆಗೆ ಹೆದರಿ ಓಡಿಬಂದವನು. ಟೀಟಿಯೋಟನನ್ನು ಯಾರೂ ಹಿಂಸಿಸುತ್ತಿರಲಿಲ್ಲ. ಸಮುದ್ರಕ್ಕೆ ಮತವೂ ಇಲ್ಲ, ಪಕ್ಷವೂ ಇಲ್ಲ. ಅಲ್ಲಿನ ಹೈಕೋರ್ಟು ಒಂದು ವಿಚಿತ್ರವನ್ನೂ ಗಮನಿಸಿತು. ಸಾಮಾನ್ಯವಾಗಿ ನಿರಾಶ್ರಿತನು ತನ್ನನ್ನು ಹಿಂಸಿಸುವವರಿಂದ ದೂರ ಓಡುತ್ತಾನೆ. ಇಲ್ಲಿಯಾದರೋ ತನ್ನ ಕಷ್ಟಕ್ಕೆ ಯಾರ ಹೊಗೆ ಕಾರಣವೆನ್ನುತ್ತಾನೋ ಅಂಥ ಮುಂದುವರಿದ ದೇಶಗಳಲ್ಲೇ ಆಶ್ರಯ ಬೇಡುತ್ತಿದ್ದಾನೆ!

ಮುಂದೆ ಈ ದೂರು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯ ಮುಂದೆ ಹೋಯಿತು. ಪರಿಹಾರ ಕ್ರಮಗಳಿಗೆ ಇನ್ನೂ ಹತ್ತು ಹದಿನೈದು ವರ್ಷ ಸಮಯವಿದೆ ಎಂದು ಸಮಿತಿಯ ಬಹುಮತ ಅವನ ದೂರನ್ನು ಒಪ್ಪಲಿಲ್ಲ. 2020ರ ಜನವರಿಯಲ್ಲಿ ಪ್ರಕಟವಾದ ಆ ನಿರ್ಣಯದಲ್ಲಿ ಒಂದು ತತ್ವ ಮಾತ್ರ ಸ್ಥಾಪಿತವಾಯಿತು: ಹವೆಯ ಬದಲಾವಣೆಯಿಂದ ಜೀವಕ್ಕೇ ಅಪಾಯವಿರುವ ಕಡೆಗೆ ಮನುಷ್ಯನನ್ನು ಹಿಂದಕ್ಕೆ ಕಳಿಸುವುದು ಅವನ ಬದುಕುವ ಹಕ್ಕಿನ ಉಲ್ಲಂಘನೆಯಾಗಬಹುದು. ಭಿನ್ನಮತ ಬರೆದ ಒಬ್ಬ ಸದಸ್ಯರು ಇನ್ನೂ ಮುಂದೆ ಹೋದರು. ಮುಳುಗುತ್ತಿರುವ ಹಡಗಿಗೆ ಒಬ್ಬನನ್ನು ಮರಳಿ ತಳ್ಳಿ, 'ಅಲ್ಲಿ ಬೇರೆ ಪ್ರಯಾಣಿಕರೂ ಇದ್ದಾರಲ್ಲ' ಎಂದು ಸಮಾಧಾನ ಹೇಳಿದಂತಾಯಿತು ಎಂಬುದು ಅವರ ಅಭಿಪ್ರಾಯದ ಸಾರ.

ಈಗ ಧರ್ಮದ ಪ್ರಶ್ನೆಗೆ ಬರೋಣ. ಹೀಗೆ ಹೊರಟವನು ತಾನಾಗಿ ಹೊರಟನೇ, ಅಥವಾ ಅವನನ್ನು ಹೊರಡಿಸಲಾಯಿತೇ? ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದಲ್ಲಿ ಇಂಥದೇ ಒಂದು ಸಂದರ್ಭವನ್ನು ಚರ್ಚಿಸಿದ್ದಾನೆ. ಬಿರುಗಾಳಿಗೆ ಸಿಕ್ಕ ಹಡಗಿನವರು ಜೀವ ಉಳಿಸಿಕೊಳ್ಳಲು ಸರಕನ್ನು ಸಮುದ್ರಕ್ಕೆ ಎಸೆಯುತ್ತಾರೆ. ಎಸೆದದ್ದು ಅವರ ಕೈಗಳೇ, ಆ ಗಳಿಗೆಯ ತೀರ್ಮಾನವೂ ಅವರದೇ. ಆದರೂ ಬುದ್ಧಿಯಿದ್ದ ಯಾರೂ ಸುಮ್ಮಸುಮ್ಮನೆ ತನ್ನ ಸರಕನ್ನು ನೀರಿಗೆ ಹಾಕುವುದಿಲ್ಲ. ಇಂಥ ಕೆಲಸ ಇಚ್ಛೆ ಅನಿಚ್ಛೆ ಎರಡೂ ಬೆರೆತದ್ದು ಎಂದು ಅವನು ಹೇಳುತ್ತಾನೆ. ಗುಳೆ ಎಂಬುದು ಹೀಗೆಯೇ. ಬಸ್ಸಿನ ಟಿಕೇಟನ್ನು ಅವರೇ ಕೊಳ್ಳುತ್ತಾರೆ ನಿಜ. ಆದರೆ ಎಸೆದ ಸರಕಿನಲ್ಲಿ ಮನೆ, ಹೊಲ, ಮಕ್ಕಳ ಶಾಲೆ ಎಲ್ಲ ಇರುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಬರವೇನು ಹೊಸದೇ? 1876-78ರ ಬರದಲ್ಲಿ ಮೈಸೂರು ಸಂಸ್ಥಾನದ ಲಕ್ಷಾಂತರ ಜನ ಸತ್ತರು. ಆಗ ಯಾವ ಕಾರ್ಖಾನೆಯ ಹೊಗೆ ಕಾರಣವಾಗಿತ್ತು? ಸಾಲ, ಭೂಮಿಯಿಲ್ಲದಿರುವುದು, ನೀರಾವರಿಯ ಕೊರತೆ ಇವೆಲ್ಲ ಸೇರಿ ಜನರನ್ನು ಹೊರಡಿಸುವುದಿಲ್ಲವೇ? ಆಕ್ಷೇಪ ಸರಿಯಾದದ್ದೇ. ಯಾವೊಂದು ಸಂಸಾರ ಹೊರಟದ್ದಕ್ಕೂ ಹವೆಯೊಂದೇ ಕಾರಣವೆಂದು ಹೇಳಲಾಗದು. ಆದರೆ ಹಳೆಯ ಸಾಲವಿದ್ದವನ ಮೇಲೆ ಹೊಸ ಬಡ್ಡಿ ಹೇರಿದರೆ, ಸಾಲ ಮೊದಲೇ ಇತ್ತಲ್ಲ ಎಂದು ಬಡ್ಡಿ ಹೇರಿದವನು ತಪ್ಪಿಸಿಕೊಳ್ಳಬಹುದೇ? 2019ರಲ್ಲಿ ಕೃಷ್ಣಾ ತೀರದ ಹಳ್ಳಿಗಳು ನೆರೆಯಲ್ಲಿ ಮುಳುಗಿದವು. 2023ರಲ್ಲಿ ಕರ್ನಾಟಕ ಸರಕಾರ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ನೆರೆ ಬರ ಎರಡೂ ಹಿಂದೆಯೂ ಇದ್ದವು. ಆದರೆ ಭೂಮಿ ಬಿಸಿಯಾದಂತೆ ಸುರಿದರೆ ಒಮ್ಮೆಗೇ ಸುರಿಯುವುದು, ಒಣಗಿದರೆ ಬೇಗನೆ ಒಣಗುವುದು ಹೆಚ್ಚುತ್ತದೆ ಎಂಬುದು ವಿಜ್ಞಾನ ಕಂಡುಕೊಂಡಿರುವ ವಿಷಯ.

ಹಾಗಾದರೆ ಬಡ್ಡಿ ಹೇರಿದವರು ಯಾರು? ಕೈಗಾರಿಕೆಗಳು ಬೆಳೆಯುವ ಮುನ್ನ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗ ಇಂಗಾಲದ ಡೈಆಕ್ಸೈಡ್ ಇತ್ತು. ಇಂದು ಅದು 420ನ್ನು ದಾಟಿದೆ. ಈ ಅನಿಲದ ಒಂದಂಶ ಶತಮಾನಗಳ ಕಾಲ ಗಾಳಿಯಲ್ಲಿ ಉಳಿಯುತ್ತದೆ. ಎಂದರೆ ಮುತ್ತಜ್ಜಂದಿರ ಕಾಲದ ಹೊಗೆಯ ಫಲವನ್ನು ಮರಿಮಕ್ಕಳು ಉಣ್ಣುತ್ತಿದ್ದಾರೆ. 'ಮಾಡಿದ್ದುಣ್ಣೋ ಮಹರಾಯ' ಎಂಬ ಗಾದೆ ಇಲ್ಲಿ ಸೋಲುತ್ತದೆ. ಮಾಡಿದವರು ಒಬ್ಬರು, ಉಣ್ಣುವವರು ಮತ್ತೊಬ್ಬರು. ಇಂದಿಗೂ ಒಬ್ಬ ಅಮೆರಿಕನ್ ವರ್ಷಕ್ಕೆ ಸರಾಸರಿ ಸುಮಾರು 14 ಟನ್, ಒಬ್ಬ ಭಾರತೀಯ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡಿಗೆ ಕಾರಣನಾಗುತ್ತಾನೆ. ಹಾಗೆಂದು ಎಲ್ಲ ಹೊಣೆಯನ್ನೂ ಅಮೆರಿಕದ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವುದೂ ನ್ಯಾಯವಲ್ಲ. ಸರಾಸರಿ ಎಂಬುದರೊಳಗೆ ನಗರದ ಏರ್ ಕಂಡಿಷನರೂ ಇದೆ, ಯಾದಗಿರಿಯ ಗುಡಿಸಲೂ ಇದೆ. ಯಾರೂ ಕೆಡಕು ಬಯಸಿ ಮಾಡಿದ್ದಲ್ಲವಾದ್ದರಿಂದ ಇದನ್ನು ಅಪರಾಧವೆನ್ನಲಾಗದು. ಆದರೆ ಲಾಭ ಉಂಡವರಿಗೆ ಋಣವಂತೂ ಇದ್ದೇ ಇದೆ. ಅಪರಾಧವಿಲ್ಲದೆಯೂ ಋಣವಿರಬಲ್ಲದು ಎಂಬುದನ್ನು ನಮ್ಮ ಸಂಪ್ರದಾಯ ಬಲ್ಲದು. ದೇವಋಣ, ಪಿತೃಋಣಗಳನ್ನು ಹೊತ್ತೇ ಹುಟ್ಟುತ್ತೇವೆ ಎನ್ನುವವರಲ್ಲವೇ ನಾವು?

ಋಣ ತೀರಿಸುವ ಮೊದಲು ಲೆಕ್ಕ ಬೇಕು. ಕಚೇರಿಯ ಕೆಲಸ ಮಾಡುವವರಿಗೆ ಗೊತ್ತಿರುವಂತೆ, ನಮೂನೆಯಲ್ಲಿ ಕಾಲಂ ಇಲ್ಲದ ಕಷ್ಟ ಕಡತಕ್ಕೆ ಬರುವುದಿಲ್ಲ. ನಮ್ಮ ಜನಗಣತಿಯಲ್ಲಿ ಊರು ಬಿಟ್ಟ ಕಾರಣವನ್ನು ಕೇಳುತ್ತಾರೆ. 1991ರ ಗಣತಿಯಲ್ಲಿ ನೈಸರ್ಗಿಕ ವಿಪತ್ತು ಎಂಬುದೂ ಒಂದು ಕಾರಣವಾಗಿತ್ತು. 2001ರಲ್ಲಿ ಅದನ್ನು ಕೈಬಿಟ್ಟರು. 2011ರಲ್ಲೂ ಅದು ಇರಲಿಲ್ಲ. ಬರದಿಂದ ಹೊರಟವನು 'ಕೆಲಸಕ್ಕಾಗಿ' ಎಂಬ ಕಾಲಮಿನಲ್ಲಿ ನಮ್ಮ ಪಕ್ಕದಲ್ಲೇ ಕುಳಿತುಬಿಟ್ಟ. ವಲಸೆ ಮತ್ತು ಗುಳೆ ಕಾಗದದ ಮೇಲೆ ಒಂದೇ ಆದವು.

ಇವೆರಡನ್ನೂ ಬೇರ್ಪಡಿಸುವುದು ಯಾವುದು ಎಂದು ವಿಚಾರ ಮಾಡಿದರೆ ನಮಗೆ ಕಾಣುವುದು ಇಷ್ಟು: ಹೊರಡುವ ಮುನ್ನ ಕೈಯಲ್ಲಿ ಸಮಯವಿತ್ತೇ, ಹೋದ ಕಡೆ ಮರ್ಯಾದೆಯಿತ್ತೇ, ಹಿಂದಿರುಗಲು ಊರು ಉಳಿದಿತ್ತೇ? ಕಿರಿಬಾಟಿಯ ಅಧ್ಯಕ್ಷರಾಗಿದ್ದ ಅನೋಟೆ ಟಾಂಗ್ ಅವರು ಇದನ್ನು ಅರಿತೇ 'ಘನತೆಯ ವಲಸೆ' ಎಂಬ ನೀತಿಯನ್ನು ಮುಂದಿಟ್ಟರು. ಹೋಗಲೇಬೇಕಾದರೆ ಜನ ಕೆಲಸ ಕಲಿತು, ಬೇಕಾದವರಾಗಿ ಹೋಗಲಿ ಎಂಬುದು ಅದರ ಉದ್ದೇಶ. ನಮ್ಮ ಒಡಿಶಾದ ಸತಭಾಯ ಎಂಬಲ್ಲಿ ಸಮುದ್ರ ಹಳ್ಳಿಗಳನ್ನು ಒಂದೊಂದಾಗಿ ನುಂಗಿತು. ಉಳಿದ ಸಂಸಾರಗಳಿಗೆ ಸರಕಾರ ಬಾಗಪಟಿಯಾದಲ್ಲಿ ನಿವೇಶನ ಕೊಟ್ಟಿತು. 2018ರಲ್ಲಿ ಗ್ರಾಮದೇವತೆ ಪಂಚುಬರಾಹಿಯ ಮೂರ್ತಿಗಳನ್ನೂ ಅಲ್ಲಿಗೆ ಕೊಂಡೊಯ್ದರು. ನಿವೇಶನವನ್ನು ಸರಕಾರ ಕೊಡಬಹುದು, ದೇವರನ್ನೂ ಹೊತ್ತು ತರಬಹುದು. ಮೀನು ಹಿಡಿದ ಕಡಲನ್ನು, ಉತ್ತ ಹೊಲವನ್ನು ಹೊತ್ತು ತರಲಾಗದು.

2050ರ ವೇಳೆಗೆ ಜಗತ್ತಿನ ಆರು ಪ್ರದೇಶಗಳಲ್ಲಿ 21 ಕೋಟಿ 60 ಲಕ್ಷದವರೆಗೂ ಜನ ಹವೆಯ ಕಾರಣದಿಂದ ತಮ್ಮ ದೇಶದೊಳಗೇ ಸ್ಥಳಾಂತರವಾಗಬೇಕಾದೀತು ಎಂದು ವಿಶ್ವಬ್ಯಾಂಕು 2021ರಲ್ಲಿ ಅಂದಾಜು ಮಾಡಿದೆ. ಈಗಲೇ ಎಚ್ಚೆತ್ತರೆ ಇದನ್ನು ಶೇಕಡಾ 80ರಷ್ಟು ತಗ್ಗಿಸಬಹುದೆಂದೂ ಅದೇ ವರದಿ ಹೇಳುತ್ತದೆ. ಆದ್ದರಿಂದ ಇದು ಹಣೆಬರಹವಲ್ಲ.

ಇಷ್ಟು ದೊಡ್ಡ ವಿಷಯದಲ್ಲಿ ಹೊರನಾಡ ಕನ್ನಡಿಗರ ಸಂಘವೊಂದು ಏನು ಮಾಡೀತು ಎಂದು ಓದುಗರು ಕೇಳಬಹುದು. ಹೊಗೆಯನ್ನು ನಿಲ್ಲಿಸುವುದು ನಮ್ಮೊಬ್ಬರ ಕೈಯಲ್ಲಿಲ್ಲ. ಆದರೆ ಬಂದವರನ್ನು ಬರಮಾಡಿಕೊಳ್ಳುವುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ನಮ್ಮ ನಗರಗಳಲ್ಲಿ ಏಳುತ್ತಿರುವ ಕಟ್ಟಡಗಳ ಬುಡದಲ್ಲಿ, ತಗಡಿನ ಶೆಡ್ಡುಗಳಲ್ಲಿ, ಕನ್ನಡ ಮಾತು ಕೇಳಿಬರುತ್ತದೆ. ಆಹಾರ ಭದ್ರತಾ ಕಾಯಿದೆಯಡಿ ಊರಿನಲ್ಲಿ ಪಡೆದ ಪಡಿತರ ಚೀಟಿಯಿಂದ ಈಗ ಬೇರೆ ರಾಜ್ಯದ ನ್ಯಾಯಬೆಲೆ ಅಂಗಡಿಯಲ್ಲೂ ಧಾನ್ಯ ಪಡೆಯಬಹುದು. ಅದನ್ನು ಅವರಿಗೆ ಕನ್ನಡದಲ್ಲಿ ತಿಳಿಸಿ ಹೇಳುವವರು ಬೇಕು. ಆಸ್ಪತ್ರೆಯಲ್ಲಿ ಡಾಕ್ಟರ ಮಾತನ್ನು ಅವರಿಗೂ ಅವರ ಮಾತನ್ನು ಡಾಕ್ಟರಿಗೂ ಮುಟ್ಟಿಸುವವರು ಬೇಕು. ಮಕ್ಕಳನ್ನು ನಡುವರ್ಷದಲ್ಲಿ ಶಾಲೆಗೆ ಸೇರಿಸಲು ಅರ್ಜಿ ಬರೆದುಕೊಡುವವರು ಬೇಕು. ಅರ್ಜಿ ಬರೆಯುವ ಕೈಗಳಿಗೆ ನಮ್ಮಲ್ಲಿ ಕೊರತೆಯಿಲ್ಲ.

ರಾಜ್ಯೋತ್ಸವದ ದಿನ ನಾವೆಲ್ಲ ಒಂದೇ ತಾಯ ಮಕ್ಕಳು ಎಂದು ಹೇಳಿಕೊಳ್ಳುತ್ತೇವೆ. ಆ ಮಾತು ನಿಜವೆನ್ನುವುದಾದರೆ ನಮ್ಮದು ವಲಸೆ, ಅವರದು ಗುಳೆ ಎಂಬ ಭೇದ ಸಭಾಭವನದ ಬಾಗಿಲಲ್ಲಿ ನಿಲ್ಲಬೇಕು. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ ಎಂಬುದು ನಮ್ಮ ವಿನಂತಿ.