ಕಡಲಹಕ್ಕಿ ಕದ್ದದ್ದೇ?

ಇಂಗ್ಲೆಂಡಿನ ಕಾರ್ನ್‌ವಾಲ್ ಕರಾವಳಿಯ ಸೇಂಟ್ ಐವ್ಸ್‌ನಲ್ಲಿ, ಕಟ್ಟೆಯ ಮೇಲೆ ಕೂತು ಬಿಸಿ ಚಿಪ್ಸ್ ಪೊಟ್ಟಣ ಬಿಚ್ಚಿದವರಿಗೆ ಒಮ್ಮೆಲೇ ಬೆನ್ನ ಹಿಂದಿನಿಂದ ರೆಕ್ಕೆಯ ಗಾಳಿ ಬಡಿಯುತ್ತದೆ. ನೋಡಿದರೆ ಕೈ ಖಾಲಿ. ತುತ್ತಿಗೆಂದು ತೆರೆದ ಬಾಯಿ ತೆರೆದೇ ಇರುತ್ತದೆ. ಪಕ್ಕದವರಿಗೆ ನಗು, ಕಳೆದುಕೊಂಡವರ ಬಾಯಲ್ಲಿ ‘ಕಳ್ಳ ಹಕ್ಕಿ’.

ನಿಜಕ್ಕೂ ಅದು ಕಳವೇ?

2019ರಲ್ಲಿ ಎಕ್ಸೆಟರ್ ವಿಶ್ವವಿದ್ಯಾಲಯದ ಸಂಶೋಧಕರು ಕಾರ್ನ್‌ವಾಲ್‌ನಲ್ಲಿ ಚಿಪ್ಸ್ ಚೀಲವಿಟ್ಟು ಹೆರಿಂಗ್ ಗಲ್ ಎಂಬ ಈ ಕಡಲಹಕ್ಕಿಗಳನ್ನು ಪರೀಕ್ಷಿಸಿದರು. ಮನುಷ್ಯ ದಿಟ್ಟಿಸಿ ನೋಡುತ್ತಿದ್ದಾಗ ಅವು ಹತ್ತಿರ ಬರಲು ಸರಾಸರಿ 21 ಸೆಕೆಂಡು ಹೆಚ್ಚು ತೆಗೆದುಕೊಂಡವು. ಹಕ್ಕಿಗೆ ಅಂಜಿಕೆಯಿದೆ ಎನ್ನಲು ಇಷ್ಟು ಸಾಕು. ತಪ್ಪು ಮಾಡುತ್ತಿದ್ದೇನೆಂಬ ಅರಿವಿದೆ ಎನ್ನಲು ಸಾಲದು.

ಮಾಡುವ ಕೃತ್ಯಕ್ಕೂ ಅದರ ಹಿಂದಿನ ಮನಸ್ಸಿಗೂ ಇರುವ ಈ ವ್ಯತ್ಯಾಸವನ್ನು ಜೈನ ಚಿಂತಕರು ಬಹಳ ಹಿಂದೆಯೇ ಸೂಕ್ಷ್ಮವಾಗಿ ಹಿಡಿದಿದ್ದರು. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಪ್ರಕಾರ ಕೊಡದಿದ್ದನ್ನು ತೆಗೆದುಕೊಳ್ಳುವುದೇ ಕಳವು. ಆದರೆ ಪೂಜ್ಯಪಾದರ ಸರ್ವಾರ್ಥಸಿದ್ಧಿ ವ್ಯಾಖ್ಯಾನ ಆ ಮಾತಿಗೆ ಪ್ರಮಾದವನ್ನು, ಅಂದರೆ ರಾಗದ್ವೇಷದಿಂದ ಎಚ್ಚರ ತಪ್ಪಿದ ಮನಸ್ಸನ್ನು, ಜೋಡಿಸಿ ಓದುತ್ತದೆ. ದೋಷದ ಬೇರು ಕೈಯಲ್ಲಿಲ್ಲ, ಮನಸ್ಸಿನಲ್ಲಿದೆ. ಹಾಗೆ ನೋಡಿದರೆ ಹಸಿದ ಹಕ್ಕಿಗೆ ಕಳ್ಳನ ಪಟ್ಟ ಕಟ್ಟುವುದು ಅನ್ಯಾಯ. ‘ನನ್ನದು’ ಎಂಬ ಬೇಲಿ ಹಾಕಿದವನು ಮನುಷ್ಯನೇ.

‘ನನ್ನದು’ ಎಂದು ಹಿಡಿದುಕೊಳ್ಳುವುದರ ಕಷ್ಟವನ್ನು ಹಕ್ಕಿಯಿಂದಲೇ ಕಲಿತವನೂ ಇದ್ದಾನೆ. ಭಾಗವತದ ಹನ್ನೊಂದನೆಯ ಸ್ಕಂಧದ ಅವಧೂತ ತನ್ನ 24 ಗುರುಗಳಲ್ಲಿ ಕುರರ ಪಕ್ಷಿಯನ್ನೂ ಎಣಿಸುತ್ತಾನೆ. ಮಾಂಸದ ತುಂಡು ಕೊಕ್ಕಿನಲ್ಲಿದ್ದಷ್ಟು ಹೊತ್ತು ಆ ಹಕ್ಕಿಯನ್ನು ಬೇರೆ ಬಲಿಷ್ಠ ಹಕ್ಕಿಗಳು ಬಡಿದವು. ಬಿಟ್ಟಾಗಲೇ ಅದಕ್ಕೆ ನೆಮ್ಮದಿ. ಗಲ್‌ಗಳಲ್ಲೂ ಇದೇ ಪಾಡು: ತುತ್ತು ಹಿಡಿದ ಹಕ್ಕಿಯ ಬೆನ್ನಿಗೆ ಜೊತೆಯವೇ ಬೀಳುತ್ತವೆ, ಕೆಲವೊಮ್ಮೆ ಚಿಪ್ಸ್ ನೀರಿನ ಮೇಲೆ ಚೆಲ್ಲಿಹೋಗುತ್ತವೆ.