ಶತ್ರುವಿಗೆ ಕೊಟ್ಟ ವಿಳಾಸ

ಪ್ರತಿ ವರ್ಷ ಜನವರಿ 1ರಂದು, ನಾವೆಲ್ಲ ತಡವಾಗಿ ಎದ್ದು ವಾಟ್ಸಾಪ್‌ನಲ್ಲಿ ಶುಭಾಶಯ ಫಾರ್ವರ್ಡ್ ಮಾಡ್ತಾ ಇರೋ ಹೊತ್ತಿಗೆ, ದೆಹಲಿ ಮತ್ತು ಇಸ್ಲಾಮಾಬಾದ್‌ನಲ್ಲಿ ಒಂದು ವಿಚಿತ್ರ ಕೆಲಸ ನಡೆಯುತ್ತೆ. ಭಾರತ ತನ್ನ ಅಣು ಸ್ಥಾವರಗಳ ಪಟ್ಟಿಯನ್ನು ಪಾಕಿಸ್ತಾನಕ್ಕೆ ಕೊಡುತ್ತೆ, ಪಾಕಿಸ್ತಾನ ತನ್ನದನ್ನು ನಮಗೆ ಕೊಡುತ್ತೆ. ಅಕ್ಷಾಂಶ, ರೇಖಾಂಶ ಸಮೇತ. ವಿದ್ಯುತ್ ಸ್ಥಾವರ, ಸಂಶೋಧನೆಯ ರಿಯಾಕ್ಟರ್, ಇಂಧನ ತಯಾರಿಸೋ ಘಟಕ, ಇವೆಲ್ಲ ಒಪ್ಪಂದದ ವ್ಯಾಖ್ಯೆಯೊಳಗೆ ಬರುತ್ತವೆ. ಆ ಲೆಕ್ಕದಲ್ಲಿ ನಮ್ಮ ಉತ್ತರ ಕನ್ನಡದ ಕೈಗಾ ಕೂಡ. ಮರುದಿನದ ಪೇಪರಿನ ಯಾವುದೋ ಒಳಪುಟದಲ್ಲಿ ನಾಲ್ಕು ಸಾಲು ಬರುತ್ತೆ, ಅಷ್ಟೇ.

ಇದನ್ನು ಆಫೀಸಿನಲ್ಲಿ ಹೇಳಿದಾಗ ಗೆಳೆಯನೊಬ್ಬ ನಕ್ಕ. "ಅದೇನು ದೊಡ್ಡ ಗುಟ್ಟಾ? ಸ್ಯಾಟಲೈಟ್‌ನಲ್ಲಿ ಎಲ್ಲಾ ಕಾಣ್ಸುತ್ತಪ್ಪಾ." ಬಹುಮಟ್ಟಿಗೆ ನಿಜ. ಆದರೆ ಗೊತ್ತಿರೋದನ್ನೇ ಯಾಕೆ ಪ್ರತಿ ವರ್ಷ ಕೊಡಬೇಕು? ನಮ್ಮ ಕೆಲಸದಲ್ಲಿ ಎರಡು ಸರ್ವರ್‌ಗಳು ಒಂದಕ್ಕೊಂದು ಹಾರ್ಟ್‌ಬೀಟ್ ಕಳಿಸ್ತಾ ಇರುತ್ತವೆ. ಆ ಸಂದೇಶದಲ್ಲಿ ಹೊಸ ವಿಷಯ ಏನೂ ಇರೋದಿಲ್ಲ. ಬಂತು ಅನ್ನೋದೇ ವಿಷಯ. ಬರಲಿಲ್ಲ ಅಂದರೆ ಮಾತ್ರ ಎಲ್ಲರೂ ಎದ್ದು ಕೂರ್ತಾರೆ.

ಇದರ ಹಿಂದಿರೋದು ಪ್ರೀತಿಯಲ್ಲ, ಭಯ. 1981ರ ಜೂನ್‌ನಲ್ಲಿ ಇಸ್ರೇಲಿನ ವಿಮಾನಗಳು ಇರಾಕಿನ ಒಸಿರಾಕ್ ರಿಯಾಕ್ಟರ್ ಮೇಲೆ ಬಾಂಬ್ ಹಾಕಿದವು. ಭಾರತವೂ ಕಹೂಟದ ಮೇಲೆ ಹಾಗೇ ಮಾಡಬಹುದು ಅನ್ನೋ ಆತಂಕ ಪಾಕಿಸ್ತಾನಕ್ಕೆ ಹಿಡೀತು. ಹಾಗೆ ಮಾಡಿದರೆ ಅವರು ನಮ್ಮ ರಿಯಾಕ್ಟರ್ ಮೇಲೆ ಬೀಳ್ತಾರೆ ಅನ್ನೋದು ಇಲ್ಲಿಯವರಿಗೂ ಗೊತ್ತಿತ್ತು. 1985ರ ಡಿಸೆಂಬರ್‌ನಲ್ಲಿ ರಾಜೀವ್ ಗಾಂಧಿ ಮತ್ತು ಜಿಯಾ ಉಲ್ ಹಕ್ ಬಾಯಿಮಾತಿನಲ್ಲಿ ಒಪ್ಪಿಕೊಂಡರು. ಬೆನಜೀರ್ ಭುಟ್ಟೊ ಪ್ರಧಾನಿಯಾದ ಮೇಲೆ, 1988ರ ಡಿಸೆಂಬರ್ 31ಕ್ಕೆ, ಸಹಿ ಬಿತ್ತು. ಮೊದಲ ಪಟ್ಟಿ ಕೈ ಬದಲಾಗಿದ್ದು 1992ರಲ್ಲಿ.

ಆಮೇಲೆ ಒಂದು ವರ್ಷವೂ ತಪ್ಪಿಲ್ಲ. ನನ್ನನ್ನು ಹಿಡಿದು ನಿಲ್ಲಿಸೋದು 2002ರ ಜನವರಿ 1. ಸಂಸತ್ತಿನ ಮೇಲೆ ದಾಳಿಯಾಗಿ ಮೂರು ವಾರವೂ ಆಗಿರಲಿಲ್ಲ. ಲಕ್ಷಾಂತರ ಸೈನಿಕರು ಗಡಿಗೆ ಹೋಗಿದ್ದರು, ನಮ್ಮ ಹೈಕಮಿಷನರ್ ವಾಪಸ್ ಬಂದಿದ್ದರು, ರೈಲು, ಬಸ್ಸು, ವಿಮಾನ ಎಲ್ಲಾ ಬಂದ್. ಅದೇ ದಿನ ಪಟ್ಟಿ ಮಾತ್ರ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಹೋಯಿತು.

ನಂಬಿಕೆಗೆ ಲಾಯಕ್ಕಿಲ್ಲದವನಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕಾ? ನಮಗೆ ಈ ಪ್ರಶ್ನೆ ಬಂದ ಕೂಡಲೇ ಪುಣ್ಯಕೋಟಿ ನೆನಪಾಗ್ತಾಳೆ. ಆದರೆ ಆ ಕತೆಯಲ್ಲಿ ಕೊನೆಗೆ ಹುಲಿಯ ಮನಸ್ಸು ಕರಗುತ್ತೆ. ದೇಶ ನಡೆಸೋವರು ಆ ಭರವಸೆ ಮೇಲೆ ಕೂರೋಕಾಗಲ್ಲ. ಇಲ್ಲಂತೂ ಎದುರುಬದುರು ನಿಂತಿರೋದು ಎರಡು ಹುಲಿ, ಮತ್ತು ಯಾರ ಮನಸ್ಸೂ ಕರಗೋ ಲಕ್ಷಣ ಇಲ್ಲ.

ನನಗೆ ಇದಕ್ಕಿಂತ ಹತ್ತಿರ ಅನಿಸೋದು ಊರಿನ ಬಣವೆ. ನಮ್ಮ ಕಡೆ ಬದುವಿನ ವಿಷಯಕ್ಕೆ ಮಾತು ಬಿಟ್ಟು, ಕೋರ್ಟು ಹತ್ತಿದ ದಾಯಾದಿಗಳು ಊರಿಗೆ ನಾಲ್ಕು ಜೊತೆ ಸಿಗ್ತಾರೆ. ಆದರೆ ಒಬ್ಬನ ಹುಲ್ಲಿನ ಬಣವೆಗೆ ಬೆಂಕಿ ಬಿದ್ದರೆ ಮೊದಲು ಕೊಡ ಹಿಡಿದು ಓಡಿ ಬರೋದು ಪಕ್ಕದ ಹೊಲದವನೇ. ಒಳ್ಳೆಯವನು ಅಂತಲ್ಲ. ಗಾಳಿ ತಿರುಗಿದರೆ ಮುಂದಿನದು ಅವನ ಬಣವೆ. ಮರುದಿನ ಮತ್ತೆ ಅದೇ ಬದು, ಅದೇ ಜಗಳ. ಇದನ್ನು ಬರೀ ಸ್ವಾರ್ಥ ಅಂತ ತಳ್ಳಿಹಾಕೋರಿದ್ದಾರೆ. ನನಗೆ ಹಾಗನಿಸಲ್ಲ. ಸಿಟ್ಟು ನೆತ್ತಿಗೇರಿದ್ದಾಗಲೂ ಗಾಳಿ ಯಾವ ಕಡೆಗಿದೆ ಅಂತ ನೋಡೋದು ಅಷ್ಟು ಸುಲಭವಲ್ಲ, ಎಷ್ಟೋ ಜನಕ್ಕೆ ಅದೂ ಬರಲ್ಲ.

ಆದರೆ ಬರೆದಿದ್ದನ್ನು ಉಳಿಸಿಕೊಂಡರೆ ಸಾಕು ಅನ್ನೋಕೂ ಆಗಲ್ಲ. ಗಲ್ವಾನ್ ನೋಡಿ. ಭಾರತ ಮತ್ತು ಚೀನಾದ ನಡುವಿನ 1996ರ ಒಪ್ಪಂದದ ಪ್ರಕಾರ ವಾಸ್ತವ ನಿಯಂತ್ರಣ ರೇಖೆಯಿಂದ ಎರಡು ಕಿಲೋಮೀಟರ್ ಒಳಗೆ ಯಾರೂ ಗುಂಡು ಹಾರಿಸುವಂತಿಲ್ಲ. 2020ರ ಜೂನ್ 15ರ ರಾತ್ರಿ ಗುಂಡು ಹಾರಲಿಲ್ಲ. ಕಲ್ಲು, ಮೊಳೆ ಹೊಡೆದ ದೊಣ್ಣೆ ಬಳಸಿದರು. ನಮ್ಮ 20 ಸೈನಿಕರು ಸತ್ತರು. ಅಕ್ಷರದಲ್ಲಿ ಒಪ್ಪಂದಕ್ಕೆ ಏನೂ ಆಗಲಿಲ್ಲ ಅಂತ ವಾದ ಮಾಡಬಹುದು. ಆ ಮನೆಗಳಿಗೆ ಹೋಗಿ ಆ ವಾದ ಹೇಳೋಕೆ ನನಗೆ ಬಾಯಿ ಬರಲ್ಲ. ಆದರೂ, ಆ ಕತ್ತಲಲ್ಲಿ ಎರಡೂ ಕಡೆ ಬಂದೂಕು ಹಾರಿದ್ದರೆ ಲೆಕ್ಕ 20ಕ್ಕೆ ನಿಲ್ತಿತ್ತಾ ಅನ್ನೋ ಯೋಚನೆಯೂ ಬಿಡಲ್ಲ.

ಈಗ ಸಿಂಧೂ ನದಿ. 1960ರ ಸೆಪ್ಟೆಂಬರ್ 19ರಂದು ಕರಾಚಿಯಲ್ಲಿ ನೆಹರೂ ಮತ್ತು ಅಯೂಬ್ ಖಾನ್ ಸಹಿ ಹಾಕಿದ ಒಪ್ಪಂದ 1965, 1971, ಕಾರ್ಗಿಲ್ ಮೂರನ್ನೂ ದಾಟಿ ಬಂತು. 2025ರ ಏಪ್ರಿಲ್ 22ಕ್ಕೆ ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದರು, ಮರುದಿನವೇ ಭಾರತ ಅದನ್ನು ಅಮಾನತಿನಲ್ಲಿಟ್ಟಿತು. ಆ ಒಪ್ಪಂದದ ಪೀಠಿಕೆಯಲ್ಲಿ ಸದ್ಭಾವನೆ, ಸ್ನೇಹ ಅನ್ನೋ ಮಾತುಗಳಿವೆ. ಸ್ನೇಹವೇ ಇಲ್ಲದ ಮೇಲೆ ಒಪ್ಪಂದ ಯಾಕೆ ಅನ್ನೋದು ನಮ್ಮ ಸರ್ಕಾರದ ವಾದ. ವಾದ ಸುಳ್ಳಲ್ಲ. ಅಣು ಸ್ಥಾವರದ ಒಪ್ಪಂದ ಗಟ್ಟಿಯಾಗಿ ನಿಂತಿರೋದೇ ಅದು ಸ್ನೇಹದ ಮೇಲೆ ಕೂತಿಲ್ಲದ ಕಾರಣಕ್ಕೆ ಅಂತ ನನಗನಿಸುತ್ತೆ.

ಕೊಲೆಗಾರರಿಗೆ ಜಾಗ ಕೊಟ್ಟ ದೇಶದ ಜೊತೆ ಏನೂ ಆಗಿಲ್ಲದವರ ಹಾಗೆ ಕೂತು ನೀರಿನ ಲೆಕ್ಕ ಹಾಕೋಕಾಗಲ್ಲ. ಹಳೇ ಒಪ್ಪಂದ ಬದಿಗಿಟ್ಟು ಹೊಸದಾಗಿ ಮಾತಾಡಿ ಅಂತ ಪಟ್ಟು ಹಿಡಿಯೋದು ನನಗೆ ಒಪ್ಪಿಗೆ. ಬಿತ್ತನೆ ಹೊತ್ತಿಗೆ ಚಿನಾಬ್ ನೀರು ತಡೆದು ಮುಲ್ತಾನಿನ ರೈತನ ಪೈರು ಒಣಗಿಸೋಣ ಅನ್ನೋದು ಒಪ್ಪಿಗೆ ಇಲ್ಲ. ಪಶ್ಚಿಮದ ನದಿಗಳ ಮೇಲಿನ ನಮ್ಮ ಯೋಜನೆಗಳಲ್ಲಿ ಹೆಚ್ಚಿನವು ಹರಿಯೋ ನೀರಲ್ಲೇ ಕರೆಂಟು ತೆಗೆಯೋವು, ದೊಡ್ಡದಾಗಿ ನೀರು ಹಿಡಿದಿಡೋ ಜಾಗ ಇಲ್ಲ, ಹಾಗಾಗಿ ಸದ್ಯಕ್ಕೆ ಅದು ಟಿವಿಯಲ್ಲಿ ಕೂಗಾಡಿದಷ್ಟು ಸುಲಭವೂ ಅಲ್ಲ. ಸುಲಭವಾಗೋ ದಿನ ಬಂದರೂ ನನ್ನ ಉತ್ತರ ಇದೇ. ಕಾವೇರಿ ಗಲಾಟೆ ನೋಡಿ ಬೆಳೆದ ನಮಗೆ ನೀರಿಲ್ಲದೆ ನಿಂತ ಗದ್ದೆ ಹೇಗಿರುತ್ತೆ ಅಂತ ಬೇರೆಯವರು ಹೇಳಿಕೊಡಬೇಕಿಲ್ಲ. ಆ ರೈತ ಟ್ರಿಗರ್ ಎಳೆದವನಲ್ಲ.

ಇನ್ನೊಂದು ಪಟ್ಟಿಯೂ ಇದೆ. 2008ರ ಒಪ್ಪಂದದ ಪ್ರಕಾರ ವರ್ಷಕ್ಕೆ ಎರಡು ಸಲ, ಜನವರಿ 1 ಮತ್ತು ಜುಲೈ 1ಕ್ಕೆ, ಎರಡೂ ದೇಶ ತಮ್ಮ ಜೈಲಿನಲ್ಲಿರೋ ಇನ್ನೊಂದು ದೇಶದವರ ಹೆಸರು ಕೊಡಬೇಕು. 2025ರ ಮೇ ತಿಂಗಳಲ್ಲಿ ಕ್ಷಿಪಣಿ, ಡ್ರೋನ್ ಹಾರಾಡಿ ಎರಡು ತಿಂಗಳೂ ಆಗಿರಲಿಲ್ಲ, ಜುಲೈ 1ಕ್ಕೆ ಪಟ್ಟಿ ಬಂತು. ಪಾಕಿಸ್ತಾನ ಕೊಟ್ಟಿದ್ದರಲ್ಲಿ 193 ಮೀನುಗಾರರಿದ್ದರು, ನಾವು ಕೊಟ್ಟಿದ್ದರಲ್ಲಿ 81. ಗುಜರಾತಿನ ಆಚೆ, ಸರ್ ಕ್ರೀಕ್ ಹತ್ತಿರ ಗಡಿ ಎಲ್ಲಿ ಅಂತ ಸರ್ಕಾರಗಳೇ ಇನ್ನೂ ತೀರ್ಮಾನ ಮಾಡಿಕೊಂಡಿಲ್ಲ. ಮೀನಿನ ಹಿಂದೆ ಹೋದ ದೋಣಿಗೆ ಅದು ಹೇಗೆ ಗೊತ್ತಾಗಬೇಕು? ಪಟ್ಟಿಯಲ್ಲಿ ಹೆಸರಿದ್ದರೆ ಆತ ಬದುಕಿದ್ದಾನೆ ಅಂತ ಮನೆಯವರಿಗೆ ಗೊತ್ತಾಗುತ್ತೆ. ಯಾವಾಗ ಬರ್ತಾನೆ ಅಂತ ಅದರಲ್ಲಿ ಬರೆದಿರಲ್ಲ.