ಬೆಂಚಿಗೆ ಮಗುವೋ, ಮಗುವಿಗೆ ಬೆಂಚೋ?

“ಎಲ್ಲರಿಗೂ ಒಂದೇ ರೀತಿ” ಎಂಬ ಮಾತಿಗೆ ನಾವು ಬಹಳ ಬೇಗ ಮನಸೋಲುತ್ತೇವೆ. ಶಾಲೆಯ ವಿಷಯದಲ್ಲಂತೂ ಅದೇ ನ್ಯಾಯದ ಮೊದಲ ಪಾಠವೆಂದು ತೋರುತ್ತದೆ: ಒಂದೇ ಕೊಠಡಿ, ಒಂದೇ ಪುಸ್ತಕ, ಒಂದೇ ಪರೀಕ್ಷೆ, ಒಂದೇ ಎತ್ತರದ ಬೆಂಚು. ಆದರೆ ಆ ಬೆಂಚಿನ ಮೇಲೆ ಕುಳಿತ ಮಕ್ಕಳನ್ನು ಒಮ್ಮೆ ನೋಡಿ. ಒಬ್ಬನ ಕಾಲು ನೆಲದ ಮೇಲೆ ಊರಿದೆ. ಇನ್ನೊಬ್ಬನದು ಗಾಳಿಯಲ್ಲಿ ತೂಗಾಡುತ್ತಿದೆ. ಕಾಲಿಗೆ ಆಸರೆಯಿಲ್ಲದೆ ಬೆನ್ನು ಬಾಗುತ್ತದೆ; ಬೆನ್ನು ನಿಲ್ಲದೆ ತೋಳು ಅಲುಗುತ್ತದೆ; ತೋಳು ಅಲುಗಿದಾಗ ಅಕ್ಷರ ಗೆರೆ ಬಿಟ್ಟು ಓಡುತ್ತದೆ. ಉಪಾಧ್ಯಾಯರ ಕಣ್ಣಿಗೆ ಬೀಳುವುದು ಕೊನೆಯದೊಂದೇ. “ಹುಡುಗನಿಗೆ ಶ್ರದ್ಧೆಯಿಲ್ಲ” ಎಂದು ತೀರ್ಪಾಗಿಬಿಡುತ್ತದೆ.

ಈ ತೀರ್ಪಿಗೆ ಮುಂಚೆ ಬೆಂಚನ್ನು ನೋಡಬೇಕಾದವರೊಬ್ಬರು ಅಮೆರಿಕದ ಪಬ್ಲಿಕ್ ಶಾಲೆಗಳಲ್ಲಿ ಇದ್ದಾರೆ. ಪಬ್ಲಿಕ್ ಸ್ಕೂಲ್ ಎಂದರೆ ನಮ್ಮ ಊರುಗಳಲ್ಲಿ ದುಬಾರಿ ಶುಲ್ಕದ ಖಾಸಗಿ ಶಾಲೆ. ಅಲ್ಲಿ ಅದಕ್ಕೆ ತದ್ವಿರುದ್ಧ, ತೆರಿಗೆಯ ಹಣದಿಂದ ನಡೆಯುವ, ಎಲ್ಲರಿಗೂ ತೆರೆದ ಶಾಲೆ. ಆಕ್ಯುಪೇಷನಲ್ ಥೆರಪಿಸ್ಟ್ ಎಂಬುದು ಅವರ ಹುದ್ದೆಯ ಹೆಸರು. ಕನ್ನಡದಲ್ಲಿ ಔದ್ಯೋಗಿಕ ಚಿಕಿತ್ಸಕ ಎನ್ನುವುದುಂಟು. ಕೇಳಿದವರು ಕಾರ್ಖಾನೆಯ ಡಾಕ್ಟರೆಂದು ತಿಳಿದರೆ ತಪ್ಪು ಅವರದಲ್ಲ. ಇಲ್ಲಿ ಉದ್ಯೋಗವೆಂದರೆ ಸಂಬಳದ ನೌಕರಿಯಲ್ಲ, ಮನುಷ್ಯ ತನ್ನ ದಿನವನ್ನು ತುಂಬಿಕೊಳ್ಳುವ ಎಲ್ಲ ಕೆಲಸ. ನಮ್ಮ ‘ಕಾಯಕ’ ಎಂಬ ಹಳೆಯ ಮಾತು ಇದಕ್ಕೆ ಹೆಚ್ಚು ಹತ್ತಿರ. ಆರು ವರ್ಷದ ಮಗುವಿನ ಕಾಯಕ ಯಾವುದು? ಬರೆಯುವುದು, ಕತ್ತರಿ ಹಿಡಿಯುವುದು, ಊಟದ ಡಬ್ಬಿಯ ಮುಚ್ಚಳ ತೆಗೆಯುವುದು, ಗುಂಡಿ ಹಾಕಿಕೊಳ್ಳುವುದು, ಗದ್ದಲದ ನಡುವೆ ಪಾಠ ಕೇಳುವುದು, ಆಡುವುದು. ಇವುಗಳಲ್ಲಿ ಯಾವುದು ಯಾವ ಮಗುವಿಗೆ ಏಕೆ ಆಗುತ್ತಿಲ್ಲವೆಂದು ಕಂಡುಕೊಂಡು ದಾರಿ ಮಾಡಿಕೊಡುವುದೇ ಈ ವೃತ್ತಿ.

ವೃತ್ತಿ ಬೆಳೆದದ್ದು ಆಸ್ಪತ್ರೆಗಳಲ್ಲಿ. 1917ರಲ್ಲಿ ಅಮೆರಿಕದಲ್ಲಿ ಅದರ ಸಂಘ ಹುಟ್ಟಿತು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸಿಪಾಯಿಗಳ ಶುಶ್ರೂಷೆ ಅದಕ್ಕೆ ಬಲ ತಂದಿತು. ಶಾಲೆಗಳೊಳಕ್ಕೆ ಅದು ವ್ಯಾಪಕವಾಗಿ ಬಂದದ್ದು 1975ರ ಕಾನೂನಿನಿಂದ. ಆಗ ದೇಶದ ಹತ್ತು ಲಕ್ಷ ಅಂಗವಿಕಲ ಮಕ್ಕಳು ಪಬ್ಲಿಕ್ ಶಾಲೆಗಳಿಂದ ಪೂರ್ತಿಯಾಗಿ ಹೊರಗುಳಿದಿದ್ದಾರೆಂದು ಅಲ್ಲಿನ ಕಾಂಗ್ರೆಸ್ ಆ ಕಾನೂನಿನಲ್ಲೇ ಬರೆದುಕೊಂಡಿತು. ಅಂಥ ಪ್ರತಿ ಮಗುವಿಗೂ ಉಚಿತವಾದ, ತಕ್ಕ ಶಿಕ್ಷಣ. ಆ ಶಿಕ್ಷಣದ ಫಲ ಪಡೆಯಲು ಬೇಕಾದ ಪೂರಕ ಸೇವೆ. ಪ್ರತಿಯೊಬ್ಬರಿಗೂ ತಂದೆತಾಯಿಗಳನ್ನು ಕೂರಿಸಿಕೊಂಡು ಬರೆದ ಪ್ರತ್ಯೇಕ ಯೋಜನೆ. ಆ ಪೂರಕ ಸೇವೆಗಳ ಪಟ್ಟಿಯಲ್ಲಿ ಈ ಚಿಕಿತ್ಸೆಯೂ ಸೇರಿತು.

ಇದರಿಂದ ಬದಲಾದದ್ದು ಖರ್ಚಿನ ಲೆಕ್ಕ ಮಾತ್ರವಲ್ಲ. ಅದುವರೆಗೆ ದಯೆಯಾಗಿದ್ದದ್ದು ಹಕ್ಕಾಯಿತು. ದಯೆ ದೊಡ್ಡ ಗುಣವೇ. ಆದರೆ ಒಬ್ಬ ಉಪಾಧ್ಯಾಯರ ದಯೆಯನ್ನೇ ನಂಬಿ ನಿಂತ ಮಗು ಅವರಿಗೆ ವರ್ಗವಾದ ದಿನ ಬೀಳುತ್ತದೆ. ದಯೆ ಪಡೆದವನು ಕೃತಜ್ಞನಾಗಿರಬೇಕು; ಹಕ್ಕುಳ್ಳವನು ಮಗುವಾಗಿದ್ದರೆ ಸಾಕು.

ಹಕ್ಕೆಂದು ಒಪ್ಪಿದ ಮೇಲೆ, ಎಷ್ಟರಮಟ್ಟಿಗೆ ಎಂಬ ಕಠಿಣ ಪ್ರಶ್ನೆ ಏಳುತ್ತದೆ. ನ್ಯೂಯಾರ್ಕ್ ರಾಜ್ಯದ ಕಿವುಡ ಹುಡುಗಿಯೊಬ್ಬಳಿಗೆ ತರಗತಿಯಲ್ಲಿ ಸನ್ನೆಭಾಷೆಯ ದುಭಾಷಿ ಬೇಕೆಂದು ತಂದೆತಾಯಿ ಕೇಳಿದರು. ಜಾಣೆಯಾದ ಅವಳು ತರಗತಿಯಿಂದ ತರಗತಿಗೆ ಪಾಸಾಗುತ್ತಿದ್ದಳು; ಆದರೆ ಅಲ್ಲಿ ಆಡಿದ ಮಾತಿನಲ್ಲಿ ಬಹಳಷ್ಟು ಅವಳಿಗೆ ತಪ್ಪಿಹೋಗುತ್ತಿತ್ತು. 1982ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಮಗುವಿನ ಪೂರ್ಣ ಶಕ್ತಿಯನ್ನು ಹೊರತರುವ ಹೊಣೆ ಶಾಲೆಗಿಲ್ಲ, ಅವಳಿಗೆ ಶಿಕ್ಷಣದ ಫಲ ದೊರೆಯುತ್ತಿದೆ ಎಂದು ತೀರ್ಪಿತ್ತಿತು. 2017ರಲ್ಲಿ ಬೇರೊಂದು ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ, ಹೆಸರಿಗಷ್ಟೇ ಎನ್ನುವ ಪ್ರಗತಿ ಸಾಲದು, ಆ ಮಗುವಿನ ಪರಿಸ್ಥಿತಿಗೆ ತಕ್ಕ ಪ್ರಗತಿ ಸಾಧ್ಯವಾಗುವಂಥ ಯೋಜನೆ ಬೇಕು ಎಂದಿತು. ಯಾವ ಮಗುವಿಗೂ ಶಾಲೆ ಅತ್ಯುತ್ತಮವಾದುದನ್ನೆಲ್ಲ ಕೊಡಲಾರದು, ನಿಜ. ಆದರೂ “ಹೇಗೋ ಪಾಸಾಗುತ್ತಿದೆಯಲ್ಲ” ಎಂಬ ಸಮಾಧಾನ ಯಾರದು? ಮಗುವಿನದಂತೂ ಅಲ್ಲ.

ನಮ್ಮಲ್ಲಿ ಕೇಳಿಬರುವ ಆಕ್ಷೇಪಣೆ ಬೇರೆ: “ಕಷ್ಟಪಟ್ಟರೆ ತಾನೇ ಬರುತ್ತದೆ; ಎಲ್ಲವನ್ನೂ ಸುಲಭ ಮಾಡಿದರೆ ಮಕ್ಕಳು ಕೆಡುತ್ತಾರೆ.” ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಕಷ್ಟದಲ್ಲಿಯೂ ಎರಡು ಬಗೆ. ಲೆಕ್ಕ ಬಿಡಿಸಲು ಪಡುವ ಕಷ್ಟ ಬುದ್ಧಿಯನ್ನು ಬೆಳೆಸುತ್ತದೆ. ಪೆನ್ಸಿಲ್ ಬೆರಳಿನಲ್ಲಿ ನಿಲ್ಲದೆ ಪಡುವ ಕಷ್ಟ ತೂತು ಕೊಡದಲ್ಲಿ ನೀರು ಹೊತ್ತಂತೆ. ಬೆವರು ನಿಜ, ಮನೆಗೆ ಬರುವ ನೀರಿಲ್ಲ. ಮೊದಲನೆಯ ಕಷ್ಟ ಮಗುವಿಗೆ ದಕ್ಕಬೇಕಾದರೆ ಎರಡನೆಯದನ್ನು ಕಳೆಯಬೇಕು. ಅದಕ್ಕೆ ಬೇಕಾದದ್ದು ಎಷ್ಟೋ ಸಲ ಕಾಲಡಿಗೆ ಒಂದು ಮರದ ಹಲಗೆ, ಓರೆಯಾದ ಬರೆಯುವ ಮಣೆ, ದಪ್ಪನೆಯ ಪೆನ್ಸಿಲ್. ಬೆಲೆ ಬೀಳುವುದು ಹಲಗೆಗಲ್ಲ, ಹಲಗೆ ಬೇಕೆಂದು ಕಾಣುವ ಕಣ್ಣಿಗೆ.

ಇದಕ್ಕಿಂತ ಆಳವಾದ ಸಂದೇಹ ಈ ವೃತ್ತಿಯ ಒಳಗೇ ಇದೆ. ಗಂಟೆ ಬಾರಿಸಿದರೆ ಕಿವಿ ಮುಚ್ಚಿಕೊಳ್ಳುವ, ಎದ್ದು ನಿಂತರೇ ಪಾಠ ತಲೆಗೆ ಹತ್ತುವ ಮಗುವನ್ನು ಏನು ಮಾಡಬೇಕು? ಸುಮ್ಮನೆ ಕೂರುವುದನ್ನು ಕಲಿಸಿದರೆ ಚಿಕಿತ್ಸಕ ಬೆಂಚಿನ ನೌಕರನಾಗುತ್ತಾನೆ. ಎಲ್ಲವನ್ನೂ ಮಗುವಿಗೆ ಒಗ್ಗಿಸಿದರೆ, ಒಗ್ಗದ ಹೊರಲೋಕದಲ್ಲಿ ಅದು ದಿಕ್ಕುಗೆಡಬಹುದು. ನನಗೆ ತೋರುವ ಒರೆಗಲ್ಲು ಇಷ್ಟು: ಈ ಬದಲಾವಣೆ ಯಾರ ನೆಮ್ಮದಿಗಾಗಿ? ತನ್ನ ಹೆಸರನ್ನು ತಾನೇ ಬರೆಯಬೇಕೆಂಬ ಆಸೆ ಮಗುವಿಗಿದ್ದರೆ ಕೈಯನ್ನು ಪಳಗಿಸಬೇಕು. ಅದು ನೆಟ್ಟಗೆ ಕೂರಬೇಕೆಂಬುದು ನೋಡುವವರ ಕಣ್ಣಿನ ಹಿತಕ್ಕಷ್ಟೇ ಆದರೆ ನಿಯಮವನ್ನು ಸಡಿಲಿಸಬೇಕು. ಮತ್ತೊಂದು ಎಚ್ಚರವೂ ಬೇಕು. ಮಗುವಿನ ಪರವಾಗಿ ಬೇರೆಯವರು ಬರೆದರೆ ಪುಸ್ತಕ ತುಂಬುತ್ತದೆ, ಕೈ ಬರಿದಾಗಿಯೇ ಉಳಿಯಬಹುದು. ಚಿಕಿತ್ಸಕ ಎದುರಿಗಿಲ್ಲದಾಗ ಮಗು ತಾನಾಗಿ ಏನು ಮಾಡುತ್ತದೆ ಎಂಬುದರಲ್ಲೇ ಅವನ ಕೆಲಸದ ಯಶಸ್ಸಿದೆ.

ಈ ವಿದ್ಯೆ ನಮ್ಮ ದೇಶಕ್ಕೆ ಹೊಸದಲ್ಲ. ಅಮೆರಿಕದಲ್ಲಿ ಹುಟ್ಟಿ ಇಲ್ಲಿಯವರೇ ಆದ ಕಮಲಾ ನಿಂಬ್ಕರ್ 1950ರಲ್ಲಿಯೇ ಮುಂಬಯಿಯಲ್ಲಿ ಇದರ ಶಿಕ್ಷಣವನ್ನು ಆರಂಭಿಸಿದರು. 2009ರ ಶಿಕ್ಷಣ ಹಕ್ಕಿನ ಕಾನೂನು ಆರರಿಂದ ಹದಿನಾಲ್ಕು ವರ್ಷದವರಿಗೆ ಶಾಲೆಯ ಬಾಗಿಲು ತೆರೆಯಿತು. 2016ರ ಅಂಗವಿಕಲರ ಹಕ್ಕುಗಳ ಕಾನೂನು ಪ್ರತಿಯೊಬ್ಬರ ಅಗತ್ಯಕ್ಕೆ ತಕ್ಕ ಹೊಂದಾಣಿಕೆಯನ್ನು ಶಾಲೆ ಮಾಡಬೇಕೆಂದಿತು. ಬಾಗಿಲು ದಾಟಿ ಒಳಬಂದ ಮಗುವಿನ ಕಾಲು ನೆಲಕ್ಕೆ ಎಟುಕುತ್ತದೆಯೇ ಎಂದು ನೋಡುವವರು ಮಾತ್ರ ನಮ್ಮ ಸರ್ಕಾರಿ ಶಾಲೆಗಳಲ್ಲಿ ಅಪರೂಪ. ಹಣವಿದ್ದವರು ನಗರದ ಕ್ಲಿನಿಕ್ಕುಗಳಲ್ಲಿ ಗಂಟೆಯ ಲೆಕ್ಕದಲ್ಲಿ ಈ ನೆರವನ್ನು ಕೊಳ್ಳುತ್ತಾರೆ. ಹೀಗಾಗಿ ಒಂದೇ ತೊಂದರೆಗೆ ಒಂದು ಮನೆಯ ಮಗುವಿಗೆ ಚಿಕಿತ್ಸೆ, ಇನ್ನೊಂದು ಮನೆಯ ಮಗುವಿಗೆ ಬೈಗುಳ.

ನಮ್ಮ ಮಕ್ಕಳಿಗಾಗಿ ನಾವು ಕೊಂಡು ತರುವುದನ್ನು ಎಲ್ಲರ ಶಾಲೆಗಾಗಿ ಕೇಳಲು ನಾವು ಸಿದ್ಧರೇ? “ಎಲ್ಲರಿಗೂ ಒಂದೇ ರೀತಿ” ಎನ್ನುವಾಗ ನಾವು ನೆನೆಯಬೇಕಾದದ್ದು ಬೆಂಚಿನ ಎತ್ತರವನ್ನಲ್ಲ. ಅದರ ಮೇಲೆ ಕುಳಿತ ಪ್ರತಿ ಮಗುವಿನ ಪಾದಕ್ಕೂ ಸಿಕ್ಕಬೇಕಾದ ನೆಲವನ್ನು.